‘ಹಿಂದೆ ಯಾವ ದ್ವೇಷವೂ ಇರಲಿಲ್ಲ’

ಕೊಡಗಿನ ಸಿದ್ದಾಪುರದ ಕಡೆಯ ಓದುಗರೊಬ್ಬರ ಪತ್ರ: ‘ಇಲ್ಲಿನ ತೋಟವೊಂದರಲ್ಲಿ ಕಾಳುಮೆಣಸು ಕದ್ದನೆಂದು ಕೂಲಿಕಾರರ ಸಾಲುಮನೆಯಾದ ಲೈನ್‌ಮನೆಯ ಯರವ ಬುಡಕಟ್ಟಿನ ಹುಡುಗನಿಗೆ ಮಾಲೀಕರೂ ತೋಟದ ಲೆಕ್ಕ ನೋಡುವ ರೈಟರೂ ಸೇರಿ ಹೊಡೆದರು. ಇದನ್ನು ಕೆಲವರು ದ್ವೇಷಾಪರಾಧ ಎನ್ನುತ್ತಿದ್ದಾರೆ. ಅವರ ನಡುವೆ ಹಿಂದೆ ಯಾವ ದ್ವೇಷವೂ ಇರಲಿಲ್ಲ. ಹಾಗಿದ್ದರೆ ಅದು ಹೇಗಾಗುತ್ತದೆ?’

ಸಂಪಾದಕರ ಉತ್ತರ:

ನಿಮ್ಮನ್ನು ದಾರಿ ತಪ್ಪಿಸಿದ್ದು ‘ದ್ವೇಷ’ ಎಂಬ ಪದ. ‘ಹಳೇ ದ್ವೇಷಕ್ಕೆ ಕೊಲೆ’ ಎಂದು ನಾವು ಪತ್ರಿಕೆಯವರು ಬರೆಯುವಾಗ ಅಲ್ಲಿರುವುದು ಬಾಣೆ ಜಮೀನಿನ ಗಡಿ, ಸಾಲ, ಅಣ್ಣತಮ್ಮಂದಿರ ಪಾಲು. ಅದು ಒಬ್ಬನಿಗೆ ಇನ್ನೊಬ್ಬನ ಮೇಲಿನ ಹಗೆ. ದ್ವೇಷಾಪರಾಧದಲ್ಲಿ ಹಗೆ ಇರುವುದು ಆ ಮನುಷ್ಯ ಹುಟ್ಟಿದ ಗುಂಪಿನ ಮೇಲೆ. ಅವನ ಜಾಗದಲ್ಲಿ ಅವನ ತಮ್ಮ ಸಿಕ್ಕಿದ್ದರೂ ಅದೇ ಏಟು ಬೀಳುತ್ತಿತ್ತು. ಹಳೆಯ ಜಗಳ ಇರಲಿಲ್ಲ ಎನ್ನುವುದು ಹೊಡೆದವರಿಗೆ ರಕ್ಷಣೆಯಾಗುವುದಿಲ್ಲ. ಹಾಗಾದರೆ ಕೈ ಎತ್ತಿಸಿದ್ದು ಯಾವುದು ಎಂಬ ಪ್ರಶ್ನೆಯನ್ನು ಅದು ಇನ್ನಷ್ಟು ಬಿಗಿ ಮಾಡುತ್ತದೆ.

ಬ್ರಿಟನ್ನಿನ 1998ರ ಕಾನೂನು ಕೃತ್ಯದ ಹೊತ್ತಿನಲ್ಲಿ, ಅದರ ತುಸು ಮುಂಚೆ ಅಥವಾ ತುಸು ಅನಂತರ ಜನಾಂಗದ ಹಗೆ ತೋರಿತೇ ಎಂದು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ದ್ವೇಷಾಪರಾಧ ಎಂಬ ಹೆಸರಿನ ಕಲಮೇ ಇಲ್ಲ. ಹತ್ತಿರ ಬರುವುದು 103(2): ಐದು ಅಥವಾ ಹೆಚ್ಚು ಮಂದಿ ಕೂಡಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟೂರು, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. (ಧರ್ಮ ಎಂಬ ಪದ ಈ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ವಿಚಿತ್ರವೆನಿಸುತ್ತದೆ.) ಹುಟ್ಟೂರು, ಭಾಷೆ ಎಂದಾಗ ನಮ್ಮ ಲೈನ್‌ಮನೆಗಳಲ್ಲಿರುವ ಅಸ್ಸಾಮಿನ ಕೂಲಿಕಾರರೂ ನೆನಪಿರಲಿ. ನಿಮ್ಮಲ್ಲಿ ಹೊಡೆದವರು ಇಬ್ಬರು, ಹುಡುಗ ಬದುಕಿದ್ದಾನೆ. ಈ ಕಲಮು ಅಲ್ಲಿಗೆ ತಲುಪುವುದಿಲ್ಲ.

ತಲುಪುವುದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಯರವರು ಪರಿಶಿಷ್ಟ ಪಂಗಡದವರು. ಹತ್ತು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ‘ಆ ಜಾತಿಯವನೆಂಬ ಕಾರಣಕ್ಕಾಗಿಯೇ’ ಮಾಡಿದರೆಂದು ಹಿಂದೆ ಸಾಬೀತು ಮಾಡಬೇಕಿತ್ತು. ಮನಸ್ಸಿನ ಒಳಗೆ ಇಳಿದು ನೋಡಿದವರು ಯಾರು? ಎಷ್ಟೋ ಪ್ರಕರಣಗಳು ಅಲ್ಲೇ ಬಿದ್ದುಹೋದವು. 2016ರ ಜನವರಿಯಲ್ಲಿ ಜಾರಿಯಾದ ತಿದ್ದುಪಡಿಯ ನಂತರ, ಆ ಸಮುದಾಯದವನೆಂದು ತಿಳಿದಿದ್ದರೆ ಸಾಕು. ಕಾಯ್ದೆಯ ಅನುಬಂಧದಲ್ಲಿ ಪಟ್ಟಿ ಮಾಡಿರುವ ಸಣ್ಣ ಅಪರಾಧಗಳಿಗೂ ಈಗ ಅದೇ ಅಳತೆ. ಕೈಯಿಂದ ಹೊಡೆಯುವುದೂ ಅದರಲ್ಲಿದೆ. ತಿಳಿದಿರಲಿಲ್ಲ ಎಂದು ಮಾಲೀಕರು ಹೇಳಬಹುದೇ? ತಮ್ಮದೇ ಲೈನ್‌ಮನೆಯಲ್ಲಿ ಇರಿಸಿಕೊಂಡ ಕುಟುಂಬ! ಪರಿಚಯವಿದ್ದರೆ ಜಾತಿ ತಿಳಿದಿತ್ತೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವರದು. ಕಳವು ನಿಜವೇ ಆಗಿದ್ದರೂ ಅದಕ್ಕೆ ಠಾಣೆಯಿದೆ, ಬೆತ್ತವಲ್ಲ.

ಜಾತಿ ನಿಂದನೆಯ ಕಲಮಿಗೆ ಮಾತ್ರ ಅದು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ನಡೆದಿರಬೇಕು. ಬಂಗಲೆಯ ಬಾಗಿಲು ಹಾಕಿಕೊಂಡು ಬೈದದ್ದು ಬೇರೆ, ಕಣದಲ್ಲಿ ಹತ್ತು ಜನರೆದುರು ಬೈದದ್ದು ಬೇರೆ. ಅಂದು ಅವರು ಏನೆಂದರು ಎಂಬುದನ್ನು ನೀವು ಬರೆದಿಲ್ಲ. ಅಲ್ಲಿದ್ದವರನ್ನು ಕೇಳಿ, ಆ ಮಾತನ್ನು ಆಡಿದಂತೆಯೇ ದೂರಿನಲ್ಲಿ ಬರೆಸಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂಬ ಮಾಮೂಲಿ ವಾಕ್ಯಕ್ಕೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ.