ಹುಬ್ಬಳ್ಳಿ ಕಡೆ ಚಳಿಗಾಲದಲ್ಲಿ ನೋಡೋಕೆ ಏನಿದೆ? ಹಸಿದುಕೊಂಡು ಹೊಲಕ್ಕೆ ಹೋಗಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಕರಾವಳಿಯಿಂದ ವರ್ಗವಾಗಿ ಹುಬ್ಬಳ್ಳಿಗೆ ಬಂದು ಮೂರು ತಿಂಗಳಾಯ್ತು, ಆಫೀಸಿನವರೆಲ್ಲ ಡಿಸೆಂಬರ್ ರಜೆಗೆ ಊಟಿ, ಚಿಕ್ಕಮಗಳೂರು ಅಂತ ಹೊರಟಿದ್ದಾರೆ, ಇಲ್ಲಿ ನೋಡಿದರೆ ಬರೀ ಧೂಳು ಮತ್ತು ಬಯಲು, ಚಳಿಗಾಲ ಕಳೆಯೋಕೆ ಈ ಕಡೆ ಏನಾದ್ರೂ ಇದೆಯಾ ಅಂತ ಕೇಳಿದ್ದೀರಿ. ಇದೆ ರೀ. ಊರು ದಾಟಿ ಪೂರ್ವಕ್ಕೆ ಹೊರಟರೆ ಅರ್ಧ ತಾಸಿನಲ್ಲಿ ಶುರುವಾಗುತ್ತೆ. ನಾನು ಹುಟ್ಟಿದ್ದು ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿ, ಹುಬ್ಬಳ್ಳಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಹಾಗಾಗಿ ನನ್ನ ಮಾತಿನಲ್ಲಿ ಊರಿನ ಅಭಿಮಾನ ಸ್ವಲ್ಪ ಜಾಸ್ತಿನೇ ಇರುತ್ತೆ, ಅದನ್ನು ಕಳೆದು ಓದಿಕೊಳ್ಳಿ.

ನಿಮ್ಮ ಕಡೆ ಹಸಿರು ಅಂದ್ರೆ ಮಳೆಗಾಲ. ನಮ್ಮ ಎರೆಹೊಲದ ಲೆಕ್ಕವೇ ಬೇರೆ. ಕಪ್ಪು ಮಣ್ಣು ಮಳೆನೀರನ್ನು ಕುಡಿದು ಒಳಗೇ ಇಟ್ಟುಕೊಳ್ಳುತ್ತೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಹಿಂಗಾರಿ ಬಿತ್ತಿದರೆ, ಆಮೇಲೆ ಮಳೆ ಸರಿಯಾಗಿ ಬಾರದೇ ಹೋದರೂ ಆ ತೇವದಲ್ಲೇ ಬಿಳಿಜೋಳ, ಕಡಲೆ, ಕುಸುಬಿ ಎಲ್ಲ ಎದ್ದು ನಿಲ್ಲುತ್ತವೆ. ಅಣ್ಣಿಗೇರಿ ದಾಟಿ ಗದಗ ರಸ್ತೆಯಲ್ಲಿ ಹೋಗಿ, ಇಲ್ಲಾಂದ್ರೆ ನವಲಗುಂದದ ಕಡೆ ಹೋಗಿ. ಬೆಳಿಗ್ಗೆ ಏಳರೊಳಗೆ ಹೋಗಬೇಕು, ಅದೊಂದೇ ಷರತ್ತು. ಆಳೆತ್ತರದ ಜೋಳ, ಮೊಣಕಾಲವರೆಗಿನ ಕಡಲೆ, ಮಧ್ಯೆ ಒಡೆದು ನಿಂತ ಹತ್ತಿ, ಅಂಚಿಗೆ ದನ ಒಳಗೆ ಬರದಿರಲಿ ಅಂತ ಹಾಕಿದ ಮುಳ್ಳು ಮುಳ್ಳು ಕುಸುಬಿ, ಅದರ ಹಳದಿ ಹೂವು ದಿನ ಕಳೆದಂತೆ ಕೇಸರಿಗೆ ತಿರುಗುತ್ತೆ. ಮರ ಕಡಿಮೆ, ಗುಡ್ಡ ಇಲ್ಲ, ಹಾಗಾಗಿ ಸೂರ್ಯ ಹುಟ್ಟೋದು ನೆಲದಿಂದಲೇ ಕಾಣುತ್ತೆ. ಇದನ್ನು ನೋಡಿ ಬಯಲು ಅಂತ ಮೂಗು ಮುರಿಯುವವರಿಗೆ ನಾನು ಏನೂ ಹೇಳಲ್ಲ.

ಕಡಲೆ ಹೊಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಗಿಡದ ಮೇಲಿನ ಇಬ್ಬನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿ. ಹುಳಿ! ಕಡಲೆ ಗಿಡದ ಎಲೆಯ ಮೇಲೆ ಸಣ್ಣ ರೋಮಗಳಿವೆ, ಅವು ಹುಳಿರಸ ಬಿಡುತ್ತವೆ, ರಾತ್ರಿ ಇಬ್ಬನಿ ಬಿದ್ದು ಅದರಲ್ಲಿ ಕರಗುತ್ತೆ. ನಮ್ಮ ಅಜ್ಜಿ ರಾತ್ರಿ ತೆಳ್ಳನೆ ಧೋತರ ಗಿಡಗಳ ಮೇಲೆ ಹಾಸಿ ಬರುತ್ತಿದ್ದಳು, ಬೆಳಿಗ್ಗೆ ಹಿಂಡಿ ಸೀಸೆಯಲ್ಲಿ ತುಂಬಿಡುತ್ತಿದ್ದಳು, ಮನೆಯಲ್ಲಿ ಯಾರಿಗೆ ಹೊಟ್ಟೆ ನೋವು ಅಂದ್ರೂ ಅದೇ ಔಷಧಿ. ನಾನು ಕಾಲೇಜಿನಲ್ಲಿದ್ದಾಗ ಗೆಳೆಯರನ್ನು ಕರೆದುಕೊಂಡು ಹೋಗಿ, ದೊಡ್ಡ ಹೀರೋ ಥರ ಅರ್ಧ ಚಡ್ಡಿಯಲ್ಲಿ ಕಡಲೆ ಹೊಲದ ನಡುವೆ ಓಡಾಡಿ, ಸಂಜೆವರೆಗೂ ಕಾಲು ಉರಿ ಉರಿ ಅಂತ ಕೂತಿದ್ದೆ. ಅವ್ವ ಕೊಬ್ಬರಿಎಣ್ಣೆ ಕೊಟ್ಟು, "ಹೊಲದಾಗ ಹುಟ್ಟಿದಾಂವಗ ಇಷ್ಟೂ ತಿಳೀಲಿಲ್ಲೇನು?" ಅಂದಿದ್ದಳು. ಪ್ಯಾಂಟ್ ಹಾಕಿಕೊಂಡು ಹೋಗಿ. ಮತ್ತೆ, ಸುಮ್ನೆ ಕಿತ್ತುಕೊಳ್ಳಬೇಡಿ. ಹೊಲದಲ್ಲಿ ಯಾರಾದ್ರೂ ಇದ್ದರೆ ಕೇಳಿ. ಕೇಳಿದವರಿಗೆ ಒಂದು ಹಿಡಿ ಕಡಲೆ ಗಿಡ ಕಿತ್ತು ಕೊಡದ ರೈತನನ್ನು ನಾನಂತೂ ನೋಡಿಲ್ಲ, ಕೇಳದೇ ಕಿತ್ತವರಿಗೆ ಬಿದ್ದ ಬೈಗುಳ ಮಾತ್ರ ಭಾಳ ಕೇಳಿದ್ದೇನೆ.

ಹಸಿಗಡಲೆ ತಿಂದ ಮೇಲೆ ಸೀತನಿ. ಜೋಳದ ತೆನೆ ಇನ್ನೂ ಹಾಲುಗಾಳು ಬಲಿಯುತ್ತಿರುವಾಗ ಕೊಯ್ದು, ಹೊಲದಲ್ಲೇ ಬೆಂಕಿ ಮಾಡಿ, ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಹಾಕಿ ತಿಕ್ಕಿ ಕಾಳು ಉದುರಿಸಿ, ಬೆಲ್ಲದ ಜೊತೆಗೋ ಶೇಂಗಾ ಹಿಂಡಿ ಜೊತೆಗೋ ತಿನ್ನೋದು. ಜನವರಿಯಲ್ಲಿ ಕೆಲವೇ ದಿನ ಇದರ ಹದ. ಹದ ದಾಟಿದರೆ ಕಾಳು ಗಟ್ಟಿ. ಪೇಟೆಯಲ್ಲಿ ಸರಿಯಾಗಿ ಸಿಗಲ್ಲ, ಸಿಕ್ಕರೂ ಹೊಗೆಯ ವಾಸನೆ ಇರಲ್ಲ, ಹೊಗೆಯ ವಾಸನೆ ಇಲ್ಲದ ಸೀತನಿ ಯಾಕೆ ಬೇಕು ಹೇಳಿ.

ನಿಮಗೆ ಹಳ್ಳಿಯ ಸಹೋದ್ಯೋಗಿ ಯಾರಾದ್ರೂ ಇದ್ದರೆ ಎಳ್ಳಮವಾಸಿಗೆ ಅವರ ಹೊಲಕ್ಕೆ ಬರ್ತೀನಿ ಅಂತ ನೀವೇ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. ಅದು ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುತ್ತೆ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ, ಅವರ ಹಿಂದೆ ಇನ್ನೊಂದು ಕಲ್ಲು, ಅದು ಕಳ್ಳ. ಆ ಕಳ್ಳನಿಗೂ ಪೂಜೆ ಇದೆ! ಆಮೇಲೆ ಮಾಡಿ ತಂದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ, ಭೂಮಿತಾಯಿಗೆ. ನಂತರ ಎಲ್ಲರೂ ಜೋಳದ ನೆರಳಲ್ಲಿ ಸಾಲಾಗಿ ಕೂತು ಉಣ್ಣೋದು. ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ, ಕಡುಬು, ಹೋಳಿಗೆ, ಗಟ್ಟಿ ಮೊಸರು. ಮನೆಯಲ್ಲಿ ಎರಡು ರೊಟ್ಟಿಗೆ ಸಾಕು ಅನ್ನುವ ನಾನು ಅಲ್ಲಿ ಐದು ತಿಂದಿದ್ದಿದೆ.

ಈಗ ಸಜ್ಜಿ ರೊಟ್ಟಿಗೆ ಬರೋಣ, ಯಾಕಂದ್ರೆ ನಮಗೆ ಚಳಿಗಾಲ ಶುರುವಾಯ್ತು ಅಂತ ಗೊತ್ತಾಗೋದು ಕ್ಯಾಲೆಂಡರಿನಿಂದ ಅಲ್ಲ, ಹಂಚಿನ ಮೇಲೆ ಎಳ್ಳು ಚಟಪಟ ಅನ್ನುವ ಸದ್ದಿನಿಂದ. ಸಜ್ಜೆ ಮೈಗೆ ಉಷ್ಣ ಅಂತ ಬೇಸಿಗೆಯಲ್ಲಿ ಮುಟ್ಟುವುದು ಕಡಿಮೆ. ಹೊಸಬರು ಮಾಡುವ ತಪ್ಪು ಏನಂದ್ರೆ ತಣ್ಣೀರಲ್ಲಿ ಹಿಟ್ಟು ಕಲಸೋದು. ಗೋಧಿಯ ಜಿಗಿ ಇದರಲ್ಲಿಲ್ಲ, ಬಡಿಯುವಾಗ ಅಂಚು ಒಡೆದು ನಕಾಶೆ ಆಗುತ್ತೆ. ಉಪ್ಪು ಹಾಕಿ ಎಸರು ಕುದಿಸಿ, ಹಿಟ್ಟಿನ ನಡುವೆ ಸುರಿದು, ಚಮಚದಲ್ಲಿ ತಿರುವಿ, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ನಾದಿದಷ್ಟೂ ಒಳ್ಳೆಯದು. ಒಂದು ಉಂಡೆ ತಗೊಂಡು, ಒಣ ಹಿಟ್ಟು ಉದುರಿಸಿ, ಅಂಗೈಯಲ್ಲಿ ಬಡಿಯುತ್ತಾ ತಿರುಗಿಸಿ, ಮೇಲೆ ಒಂದಿಷ್ಟು ಎಳ್ಳು ಒತ್ತಿ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಬೇಕು, ನೀರು ಆರುತ್ತಿದ್ದಂತೆ ತಿರುವಿ ಹಾಕಬೇಕು. ನಾನು ಕಲಿಯುವಾಗ ಮೊದಲ ಹತ್ತು ರೊಟ್ಟಿ ಪಕ್ಕದ ಮನೆಯ ಎಮ್ಮೆಗೆ ಹೋದವು, ಎಮ್ಮೆ ಏನೂ ಅನ್ನಲಿಲ್ಲ. ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಹಣ್ಣುಮೆಣಸಿನಕಾಯಿ ಚಟ್ನಿ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಹಕ್ಕರಕಿ. ಹಕ್ಕರಕಿ ಹೊಲದಲ್ಲಿ ತಾನಾಗೇ ಬೆಳೆಯುವ ಸೊಪ್ಪು, ಹಸಿಯಾಗೇ ತಿನ್ನೋದು, ಸ್ವಲ್ಪ ಒಗರು, ಮೊದಲ ಸಲ ಹಿಡಿಸಲ್ಲ, ಮೂರನೇ ಸಲ ಬಿಡಲ್ಲ. ಚಟ್ನಿಗೆ ಬ್ಯಾಡಗಿ ಕಾಯಿ ಬೆರೆತಿದ್ದರೆ ಬಣ್ಣ ನೋಡಿ ಹೆದರಬೇಡಿ. ಹಾವೇರಿ ಜಿಲ್ಲೆಯ ಆ ಕಾಯಿ, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು, ಬಣ್ಣದಲ್ಲಿ ಜೋರು, ಖಾರದಲ್ಲಿ ಪಾಪ.

ಹಕ್ಕಿ ನೋಡುವ ಆಸೆ ಇದ್ದರೆ ಒಂದು ಭಾನುವಾರ ಮಾಗಡಿ ಕೆರೆಗೆ ಇಡಿ. ಗದಗ ಜಿಲ್ಲೆ, ಲಕ್ಷ್ಮೇಶ್ವರದ ಹತ್ತಿರ. ಬೆಂಗಳೂರಿನ ಮಾಗಡಿ ಅಲ್ಲ, ಮ್ಯಾಪ್ ನೋಡುವಾಗ ಹುಷಾರು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತವೆ, ಮಾರ್ಚ್ ಹೊತ್ತಿಗೆ ವಾಪಸ್. ಮೀನಿಗೆ ಬರುವ ಹಕ್ಕಿಗಳಲ್ಲ ಇವು, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಂದ್ರೆ ನೋಡಿ, ಅಷ್ಟು ದೂರದಿಂದ ಅವು ಬಂದಿರೋದೂ ನಮ್ಮ ಹೊಲದ ಊಟಕ್ಕೇ. 2024ರಲ್ಲಿ ಈ ಕೆರೆ ರಾಮ್‌ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಾನು ಮೊದಲ ಸಲ ಹೊಟ್ಟೆ ತುಂಬ ನಾಷ್ಟಾ ಮಾಡಿ ಆರಾಮಾಗಿ ಹನ್ನೊಂದಕ್ಕೆ ಹೋಗಿ, ಬಿಸಿಲಲ್ಲಿ ದೂರದ ಬೂದು ಚುಕ್ಕೆಗಳನ್ನು ನೋಡಿ ಬಂದೆ. ಎರಡನೇ ಸಲ ಕತ್ತಲಲ್ಲೇ ಹೊರಟೆ. ಮಂಜಿನೊಳಗಿಂದ ಮೊದಲು ಬರೀ ಕೂಗು, ಆಮೇಲೆ ಗುಂಪು ಗುಂಪಾಗಿ ನೀರಿಗೆ ಇಳಿಯೋದು ಕಂಡಿತು. ಅದೇ ದಿನ ಫೋಟೋಗೆ ಹಾರಲಿ ಅಂತ ಒಬ್ಬ ಕಲ್ಲು ಎತ್ತಿಕೊಂಡಿದ್ದ, ಊರಿನ ಅಜ್ಜ ಒಬ್ಬರು ಅವನಿಗೆ ಮಾಡಿದ ಮಂಗಳಾರತಿ ಕೂಡ ನೋಡುವಂತಿತ್ತು. ದುರ್ಬೀನು ಇದ್ದರೆ ತನ್ನಿ.

ಗುಡ್ಡವೇ ಬೇಕು ಅಂದ್ರೆ ಗದಗ ಜಿಲ್ಲೆಯಲ್ಲೇ ಕಪ್ಪತಗುಡ್ಡ ಇದೆ, 2019ರಿಂದ ವನ್ಯಜೀವಿ ಧಾಮ, ಚಳಿಗಾಲಕ್ಕೆ ಹುಲ್ಲೆಲ್ಲ ಬಂಗಾರದ ಬಣ್ಣ, ಗಾಳಿ ಮಾತ್ರ ಕಿವಿ ಕೊರೆಯುತ್ತೆ. ವಾರದ ದಿನಗಳಿಗೆ ಧಾರವಾಡ ಸಾಕು. ಕೆಲಗೇರಿ ಕೆರೆ ದಂಡೆಯಲ್ಲಿ ಬೆಳಿಗ್ಗೆ ಒಂದು ಸುತ್ತು, ಬರುವಾಗ ಒಂದು ಕಿಲೋ ಪೇರಲಹಣ್ಣು. ಒಳ್ಳೆ ಚಳಿ ಬಿದ್ದ ದಿನ ಬೆಳಿಗ್ಗೆ 12-13 ಡಿಗ್ರಿ, ಮಧ್ಯಾಹ್ನ 30ರ ಹತ್ತಿರ ಬಿಸಿಲು, ಹಾಗಾಗಿ ಬೆಚ್ಚಗಿನ ಸ್ವೆಟರ್ ಹಾಕಿಕೊಂಡು ಹೋಗಿ ಮಧ್ಯಾಹ್ನ ಹೊತ್ತುಕೊಂಡು ತಿರುಗುವ ಬದಲು ಒಂದು ಶಾಲು ಸಾಕು.

ರೂಮಿನಲ್ಲಿ ಒಬ್ಬರೇ ಇದ್ದೀರಿ ಅಂತ ಬರೆದಿದ್ದೀರಿ, ಅಡುಗೆಗೆ ಸಣ್ಣ ಒಲೆ ಇದೆ ಅಂತಲೂ. ರೊಟ್ಟಿ ಬಡಿಯುವ ಸಾಹಸ ಬೇಡ ಅನ್ನಿಸಿದರೆ ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ಹುಬ್ಬಳ್ಳಿಯಲ್ಲಿ ರೊಟ್ಟಿ ಮಾರುವ ಅಂಗಡಿಗಳಲ್ಲೇ ಸಿಗುತ್ತೆ, ವಾರಗಟ್ಟಲೆ ಕೆಡಲ್ಲ. ಪಲ್ಯ ಒಂದು ಮಾಡಿಕೊಂಡರೆ ಆಯ್ತು. ಮುಳಗಾಯಿ ಬದನೆ ತಂದು ತೊಟ್ಟು ತೆಗೆಯದೆ ನಾಲ್ಕು ಸೀಳು ಮಾಡಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಮಸಾಲಿ ಖಾರ, ಹುಣಸೆ, ಬೆಲ್ಲ ಕಲಸಿ ತುಂಬಿ, ಎಣ್ಣೆಯಲ್ಲಿ ಸಣ್ಣ ಉರಿಗೆ ಮುಚ್ಚಿಟ್ಟರೆ ಅರ್ಧ ತಾಸು. ಎಣ್ಣೆಗೆ ಕಂಜೂಸಿ ಮಾಡಿದರೆ ಅದು ಎಣ್ಣೆಗಾಯಿ ಆಗಲ್ಲ.

ಸಾಹಸ ಮಾಡ್ತೀನಿ ಅಂದ್ರೆ ಸಜ್ಜೆ ಹಿಟ್ಟನ್ನು ವಾರಕ್ಕೆ ಬೇಕಾದಷ್ಟೇ ಗಿರಣಿಯಲ್ಲಿ ಬೀಸಿಸಿ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಕಹಿ ಬರುತ್ತೆ. ಐದು ಕಿಲೋ ತುಂಬಿಟ್ಟುಕೊಂಡು ಫೆಬ್ರುವರಿಯಲ್ಲಿ ನನಗೆ ಬೈಬೇಡಿ.