ಬ್ಯಾನರ್ ಇದೆ, ಕುಕಿ ಮಾತ್ರ ನಿಂತಿಲ್ಲ

ಪ್ರಶ್ನೆ: ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇಯೊಂದಕ್ಕೆ ಬುಕಿಂಗ್ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಜರ್ಮನ್ ಭಾಷೆಯ ಪುಟವೂ ಇದೆ, ಯೂರೋದಲ್ಲಿ ದರವೂ ಇದೆ. ಕುಕಿ (ವೆಬ್‌ಸೈಟ್ ಬ್ರೌಸರಿನಲ್ಲಿ ಇಡುವ ಸಣ್ಣ ಮಾಹಿತಿ ತುಣುಕು) ಇಡಲು ಒಪ್ಪಿಗೆ ಕೇಳುವ ಬ್ಯಾನರ್ ಹಾಕಿದ್ದರೂ ಜರ್ಮನಿಯಿಂದ ಒಬ್ಬರು, ‘ಒಪ್ಪುವ ಮೊದಲೇ ಅನಲಿಟಿಕ್ಸ್ ಕುಕಿ ಕೂತಿದೆ’ ಎಂದು ಮೇಲ್ ಮಾಡಿದ್ದಾರೆ. ಅಲ್ಲಿಯ ಕಾನೂನು ನಮಗೂ ಅನ್ವಯಿಸುತ್ತದೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಅನ್ವಯಿಸುತ್ತದೆ. 2018ರಿಂದ ಜಾರಿಯಲ್ಲಿರುವ ಯುರೋಪಿಯನ್ ಯೂನಿಯನ್ನಿನ ಖಾಸಗಿ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ನಿಮ್ಮ ಕಚೇರಿ ಎಲ್ಲಿದೆ ಎಂದಷ್ಟೇ ಕೇಳುವುದಿಲ್ಲ, ಯಾರಿಗೆ ಮಾರುತ್ತಿದ್ದೀರಿ ಎಂದೂ ಕೇಳುತ್ತದೆ. ಜರ್ಮನ್ ಪುಟ, ಯೂರೋ ದರ ಎರಡನ್ನೂ ಇಟ್ಟುಕೊಂಡು ‘ಅವರಾಗಿಯೇ ಬಂದರು’ ಎನ್ನಲಾಗದು.

ಮೊದಲು ದೂರು ನಿಜವೇ ನೋಡಿ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ವಿಂಡೋ ತೆರೆದು, ಬ್ಯಾನರ್ ಮುಟ್ಟದೆ ಎಫ್12 ಒತ್ತಿ. ಅಪ್ಲಿಕೇಶನ್ ಟ್ಯಾಬ್‌ನ ಕುಕೀಸ್‌ನಲ್ಲಿ ‘_ಜಿಎ’ (ಗೂಗಲ್ ಅನಲಿಟಿಕ್ಸ್‌ನ ಕುಕಿ) ಕಂಡರೆ ಅವರು ಹೇಳಿದ್ದು ಸರಿ. ಬ್ಯಾನರ್ ಬರೀ ಫಲಕ. ಪುಟದ ಹೆಡ್‌ನಲ್ಲಿ ಕೂತ ಸ್ಕ್ರಿಪ್ಟ್ ಅದಕ್ಕೆ ಕಾಯುವುದಿಲ್ಲ. ಆ ಟ್ಯಾಗನ್ನು ಅಲ್ಲಿಂದ ತೆಗೆದು, ‘ಒಪ್ಪಿದೆ’ ಬಟನ್ ಒತ್ತಿದ ಮೇಲಷ್ಟೇ ಜಾವಾಸ್ಕ್ರಿಪ್ಟ್‌ನಿಂದ ಸೇರಿಸಿ. ಯೂಟ್ಯೂಬ್ ವಿಡಿಯೋ, ಮ್ಯಾಪ್‌ಗಳ ಐಫ್ರೇಮ್‌ಗೂ (ನಿಮ್ಮ ಪುಟದೊಳಗೆ ಕೂರಿಸಿದ ಹೊರಗಿನ ಪುಟ) ಇದೇ ದಾರಿ: ಮೊದಲು ಒಂದು ಚಿತ್ರ, ಕ್ಲಿಕ್ ಮಾಡಿದರೆ ವಿಡಿಯೋ. ಎಲ್ಲರೂ ಮರೆಯುವುದು ಇದನ್ನೇ.

ಲಾಗಿನ್ ಸೆಷನ್, ಬುಕಿಂಗ್ ಬುಟ್ಟಿಯ ಕುಕಿಗಳಿಗೆ ಒಪ್ಪಿಗೆ ಬೇಡ. ‘ಕುಕಿ ಬಿಟ್ಟು ಬ್ರೌಸರಿನ ಇನ್ನೊಂದು ಸಂಗ್ರಹವಾದ ಲೋಕಲ್‌ಸ್ಟೋರೇಜ್ ಬಳಸಿದರಾಯಿತು’ ಎಂಬ ಜಾಣತನ ನಡೆಯದು. ಯುರೋಪಿಯನ್ ಯೂನಿಯನ್ನಿನ 2002ರ ಇ–ಪ್ರೈವಸಿ ನಿರ್ದೇಶನ ಹೇಳುವುದು ಬಳಕೆದಾರರ ಸಾಧನದಲ್ಲಿ ಮಾಹಿತಿ ಇಡುವ, ಓದುವ ಬಗ್ಗೆ.

‘ಬೇಡ’ ಬಟನ್ ‘ಒಪ್ಪಿದೆ’ಯ ಪಕ್ಕದಲ್ಲೇ, ಅದೇ ಗಾತ್ರದಲ್ಲಿ ಇರಲಿ. ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಎಂಬ ಕಾರಣಕ್ಕೇ ಫ್ರಾನ್ಸಿನ ಖಾಸಗಿ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಮೊದಲೇ ಟಿಕ್ ಹಾಕಿಟ್ಟ ಚೌಕವೂ ಒಪ್ಪಿಗೆಯಲ್ಲ ಎಂದು ಯುರೋಪಿಯನ್ ಯೂನಿಯನ್ನಿನ ನ್ಯಾಯಾಲಯ 2019ರಲ್ಲೇ ಹೇಳಿದೆ.

ಒಪ್ಪಿಗೆ ಹಿಂಪಡೆಯುವ ಕೊಂಡಿಯನ್ನು ಪುಟದ ಅಡಿಯಲ್ಲಿ ಕೊಡಿ. ಅಲ್ಲಿ ಒಂದು ತೊಡಕಿದೆ: ಕುಕಿ ಇಟ್ಟಾಗಿನ ಡೊಮೇನ್, ಪಾತ್ ಎರಡನ್ನೂ ಹಾಗೆಯೇ ಕೊಡದಿದ್ದರೆ ಅಳಿಸಿದಂತೆ ತೋರಿದರೂ ಕುಕಿ ಅಲ್ಲೇ ಇರುತ್ತದೆ. ‘_ಜಿಎ’ ಸಾಮಾನ್ಯವಾಗಿ ಮೂಲ ಡೊಮೇನಿನ ಹೆಸರಲ್ಲಿರುತ್ತದೆ, ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇಲ್ಲದೆ.

ಪ್ರಶ್ನೆ: ಒಪ್ಪಿಗೆಯ ಕುಕಿಗೆ 180 ದಿನ ಎಂದು ಬರೆದಿದ್ದರೂ ಐಫೋನ್‌ನಲ್ಲಿ ವಾರ ಕಳೆದರೆ ಬ್ಯಾನರ್ ಮತ್ತೆ ಬರುತ್ತದೆ. ಯಾಕೆ?
– ಓದುಗರು, ಹಾಸನ

ಉತ್ತರ: ಜಾವಾಸ್ಕ್ರಿಪ್ಟ್‌ನಿಂದ ಇಟ್ಟ ಕುಕಿಯ ಆಯಸ್ಸನ್ನು ಸಫಾರಿ 7 ದಿನಕ್ಕೆ ಮೊಟಕುಗೊಳಿಸುತ್ತದೆ. ಆಯ್ಕೆಯನ್ನು ನಿಮ್ಮ ಸರ್ವರಿಗೆ ಕಳಿಸಿ, ಸೆಟ್–ಕುಕಿ ಹೆಡರ್‌ನಲ್ಲಿ ವಾಪಸ್ ಇಡಿ: ಮ್ಯಾಕ್ಸ್–ಏಜ್ 15552000, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್. ಆಯ್ಕೆಯನ್ನು ಆರು ತಿಂಗಳು ನೆನಪಿಡುವುದು ಸಿಎನ್‌ಐಎಲ್‌ಗೂ ಒಪ್ಪಿತವೇ. ಆದರೆ ಬ್ಯಾನರನ್ನು ಸರ್ವರ್‌ನಲ್ಲೇ ಪುಟಕ್ಕೆ ಹೆಣೆಯುತ್ತಿದ್ದರೆ ಪೇಜ್ ಕ್ಯಾಶ್ (ಒಮ್ಮೆ ತಯಾರಾದ ಪುಟವನ್ನು ಮತ್ತೆ ಕೊಡಲು ಎತ್ತಿಡುವ ಸಂಗ್ರಹ) ಮೇಲೆ ಕಣ್ಣಿಡಿ. ಒಬ್ಬರು ಒಪ್ಪಿದ ಪುಟವೇ ಕ್ಯಾಶ್‌ನಲ್ಲಿ ಉಳಿದು, ಮುಂದೆ ಬಂದವರಿಗೆಲ್ಲ ಕೇಳದೆಯೇ ಸ್ಕ್ರಿಪ್ಟ್ ಓಡುತ್ತದೆ.