ವೀಸಾದ ಭಯಕ್ಕೆ ಹಕ್ಕು ಬಿಡಬೇಕೆ?

ಪ್ರಶ್ನೆ: ನನ್ನ ಮಗಳು ವೃದ್ಧರ ಆರೈಕೆಯ ಕೆಲಸಕ್ಕೆಂದು 2023ರಲ್ಲಿ ಗಂಡ ಮತ್ತು ಮಗನೊಂದಿಗೆ ಇಂಗ್ಲೆಂಡಿಗೆ ಹೋದಳು. ಈಗ ಐದು ತಿಂಗಳ ಬಸುರಿ. ಹೆರಿಗೆ ರಜೆಯ ಸಂಬಳ ತೆಗೆದುಕೊಂಡರೆ ವೀಸಾ ನವೀಕರಣಕ್ಕೆ ಕುತ್ತು ಎಂದು ಯಾರೋ ಹೇಳಿದ್ದರಿಂದ, ಹೆರಿಗೆಯ ತನಕ ದುಡಿಯುತ್ತೇನೆ ಎನ್ನುತ್ತಾಳೆ. ಆರು ವರ್ಷದ ಮೊಮ್ಮಗನಿಗೆ ಶಾಲೆಯ ಉಚಿತ ಊಟವೂ ಬೇಡವೆಂದು ಡಬ್ಬಿ ಕಟ್ಟಿ ಕಳಿಸುತ್ತಿದ್ದಾಳೆ. ಅವಳ ಭಯ ಸರಿಯೇ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲ ಅಮ್ಮ, ಕಾನೂನು ಹಾಗೆ ಹೇಳುವುದಿಲ್ಲ. ಸಾರ್ವಜನಿಕ ನಿಧಿಯ ನೆರವು ಪಡೆಯಬಾರದೆಂಬ ಷರತ್ತು ಅಂಥ ವೀಸಾಗಳಿಗೆ ಇರುವುದು ನಿಜ. ಆದರೆ ಆ ನಿಧಿಗಳ ಪಟ್ಟಿಯಲ್ಲಿರುವುದು ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು), ಚೈಲ್ಡ್ ಬೆನಿಫಿಟ್ (ಮಕ್ಕಳ ಭತ್ಯೆ), ಬಾಡಿಗೆ ನೆರವು ಮೊದಲಾದವು. ಅವುಗಳಿಗೆ ಮಾತ್ರ ಅವರು ಅರ್ಜಿ ಹಾಕಬಾರದು. ಹೆರಿಗೆ ರಜೆಯ ಸಂಬಳ ಆ ಪಟ್ಟಿಯಲ್ಲಿಲ್ಲ. ಅದು ಕೆಲಸ ಕೊಟ್ಟವರು ಶಾಸನದ ಪ್ರಕಾರ ಕೊಡಲೇಬೇಕಾದ ಹಣವಾಗಿದ್ದು, ಸೇವಾವಧಿ ಮತ್ತು ಸಂಬಳದ ಕನಿಷ್ಠ ಮಿತಿ ಪೂರೈಸಿದವರಿಗೆ 39 ವಾರಗಳವರೆಗೆ ಸಿಗುತ್ತದೆ. ಮೊದಲ 6 ವಾರ ಸರಾಸರಿ ಸಂಬಳದ ಶೇ. 90ರಷ್ಟು. ಮೊಮ್ಮಗ ಸರ್ಕಾರಿ ಶಾಲೆಯಲ್ಲಿದ್ದರೆ ಅವನ ಊಟಕ್ಕೂ ಅಡ್ಡಿಯಿಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ, ತಂದೆತಾಯಿಯ ಆದಾಯವನ್ನಾಗಲಿ ವೀಸಾವನ್ನಾಗಲಿ ನೋಡದೆ, 2014ರಿಂದ ಉಚಿತವಾಗಿ ಊಟ ಕೊಡಲಾಗುತ್ತಿದೆ.

ಹಾಗಿದ್ದರೂ ನಿಮ್ಮ ಮಗಳನ್ನು ಗದರಿಸಬೇಡಿ. ಆ ಭಯವನ್ನು ಬಿತ್ತಿದ್ದು ಅಲ್ಲಿನ ಸರ್ಕಾರವೇ. ಅಕ್ರಮವಾಗಿ ನೆಲೆಸಿದವರಿಗೆ ಪ್ರತಿಕೂಲ ವಾತಾವರಣ ನಿರ್ಮಿಸುವುದಾಗಿ 2012ರಲ್ಲಿ ಅಂದಿನ ಗೃಹ ಸಚಿವೆ ಥೆರೇಸಾ ಮೇ ಘೋಷಿಸಿದರು. 2014 ಮತ್ತು 2016ರ ಕಾಯ್ದೆಗಳು ಮನೆ ಮಾಲೀಕರಿಗೂ ಬ್ಯಾಂಕುಗಳಿಗೂ ವಲಸಿಗರ ದಾಖಲೆ ತಪಾಸಣೆಯ ಹೊಣೆ ಹೊರಿಸಿದವು. 2016ರಲ್ಲಿ ಶಾಲೆಗಳು ಮಕ್ಕಳ ರಾಷ್ಟ್ರೀಯತೆಯನ್ನೂ ಹುಟ್ಟಿದ ದೇಶವನ್ನೂ ಕೇಳಿ ಬರೆದುಕೊಳ್ಳತೊಡಗಿದವು. 2017ರಲ್ಲಿ ರೋಗಿಗಳ ವಿಳಾಸವನ್ನು ಗೃಹ ಇಲಾಖೆಗೆ ಒದಗಿಸುವ ಒಪ್ಪಂದ ಜಾರಿಗೆ ಬಂತು. ತೀವ್ರ ವಿರೋಧದಿಂದಾಗಿ ಇವೆರಡನ್ನೂ 2018ರಲ್ಲಿ ಕೈಬಿಟ್ಟರೂ, ಶಾಲೆಯ ದಾಖಲೆಯನ್ನೂ ಆಸ್ಪತ್ರೆಯ ಚೀಟಿಯನ್ನೂ ಗಡಿ ಕಾವಲಿಗೆ ಬಳಸಲು ಹೊರಟದ್ದು ಘೋರ ಅನ್ಯಾಯವೆಂದೇ ನಾನು ಹೇಳುತ್ತೇನೆ, ಏಕೆಂದರೆ ಅಂಥ ಕ್ರಮದ ಬಿಸಿ ಅಕ್ರಮ ವಲಸಿಗರಿಗಷ್ಟೇ ತಟ್ಟದೆ, ನಿಮ್ಮ ಮಗಳಂತೆ ನಿಯಮಬದ್ಧವಾಗಿ ಹೋಗಿ ತೆರಿಗೆ ಕಟ್ಟುತ್ತಿರುವವರೂ ಅರ್ಜಿ ನಮೂನೆ ಕಂಡರೆ ಹಿಂಜರಿಯುವಂತೆ ಮಾಡುತ್ತದೆ. ವಿಂಡ್‌ರಷ್ ಪ್ರಕರಣದಲ್ಲಿ ದಶಕಗಳಿಂದ ಕಾನೂನುಬದ್ಧವಾಗಿ ನೆಲೆಸಿದ್ದ ಕೆರಿಬಿಯನ್ ಮೂಲದವರೇ ದಾಖಲೆ ತೋರಿಸಲಾಗದೆ ಕೆಲಸವನ್ನೂ ಚಿಕಿತ್ಸೆಯನ್ನೂ ಕಳೆದುಕೊಂಡರು.

ಈಗ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡ್ ಮಾಡಿಸಿಕೊಡುವಂತೆ, ಅಲ್ಲಿ ಮಿಡ್‌ವೈಫ್ ಅಥವಾ ವೈದ್ಯರು ಹೆರಿಗೆಯ ನಿರೀಕ್ಷಿತ ವಾರವನ್ನು ದೃಢೀಕರಿಸುವ ‘ಎಂಎಟಿ-ಬಿ1’ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಹೆರಿಗೆಯ ವಾರಕ್ಕೆ 15 ವಾರ ಮುಂಚಿತವಾಗಿ, ರಜೆ ಯಾವಾಗ ಬೇಕೆಂಬುದನ್ನು ಕೆಲಸ ಕೊಟ್ಟವರಿಗೆ ಬರಹದಲ್ಲಿ ತಿಳಿಸಬೇಕು. ಐದು ತಿಂಗಳು ನಡೆಯುತ್ತಿರುವುದರಿಂದ ಆ ಗಡುವು ಹತ್ತಿರದಲ್ಲೇ ಇದೆ. ಇಂದೇ ಫೋನ್ ಮಾಡಿ ಹೇಳಿ.

ಪ್ರಶ್ನೆ: ಅಮೆರಿಕದಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗನಿಗೆ ಅಲ್ಲಿಯೇ ಹುಟ್ಟಿದ ಎರಡು ವರ್ಷದ ಮಗಳಿದ್ದಾಳೆ. ಮುಂದೆ ಗ್ರೀನ್ ಕಾರ್ಡಿಗೆ ಅಡ್ಡಿಯಾದೀತೆಂದು ಕೂಸಿನ ಮೆಡಿಕೇಡ್ ವಿಮೆಯನ್ನು (ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ರದ್ದುಪಡಿಸಲು ಹೊರಟಿದ್ದಾನೆ. ಏನು ಮಾಡಲಿ?
– ಓದುಗರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಆತುರ ಪಡುವುದು ಬೇಡವೆಂದು ತಿಳಿಸಿ. ಸರ್ಕಾರಕ್ಕೆ ಹೊರೆಯಾಗುವವರಿಗೆ ಗ್ರೀನ್ ಕಾರ್ಡ್ ನಿರಾಕರಿಸುವ ನಿಯಮವನ್ನು 2019ರಲ್ಲಿ ಬಿಗಿಗೊಳಿಸಿ, 2020ರ ಫೆಬ್ರವರಿಯಲ್ಲಿ ಜಾರಿಗೆ ತಂದು, 2021ರ ಮಾರ್ಚ್‌ನಲ್ಲಿ ಹಿಂಪಡೆದರು. ಆ ಬಿಗಿ ನಿಯಮದಲ್ಲೂ ಅಮೆರಿಕದ ಪ್ರಜೆಯಾದ ಮಗು ಪಡೆದ ನೆರವನ್ನು ತಂದೆತಾಯಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಹಾಗಿದ್ದೂ ಎಷ್ಟೋ ಕುಟುಂಬಗಳು ಹೆದರಿ ಮಕ್ಕಳ ವಿಮೆಯನ್ನೂ ಆಹಾರ ನೆರವನ್ನೂ ಬಿಟ್ಟುಕೊಟ್ಟವು. ಅದರ ಬದಲಿಗೆ ತಂದ 2022ರ ನಿಯಮವನ್ನು ರದ್ದುಪಡಿಸುವ ಪ್ರಸ್ತಾವವನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಿರುವುದರಿಂದ, ಅರ್ಜಿ ಹಾಕುವ ಮುನ್ನ ಆತ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೂ ವಲಸೆ ಕಾನೂನು ಬಲ್ಲ ವಕೀಲರಲ್ಲೂ ವಿಚಾರಿಸಲಿ. ಅಲ್ಲಿಯವರೆಗೆ ಕೂಸಿನ ವಿಮೆಯೂ ಲಸಿಕೆಯೂ ತಪ್ಪದಿರಲಿ.